ಅರ್ಧ ನಿಮಿಷದ ಲೆಕ್ಕ: ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಸರ್ವರ್ ಬೀಳುತ್ತಿದ್ದ ಪ್ರಕರಣ

ನಮ್ಮ ಚಿಕ್ಕಮಗಳೂರಿನಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲ ಆರೋಪಿ ಕರೆಂಟು. ಮಳೆಗಾಲದಲ್ಲಿ ಆ ಆರೋಪ ಬಹುಮಟ್ಟಿಗೆ ನಿಜವೇ. ಗಾಳಿಗೆ ಸಿಲ್ವರ್ ಓಕ್ ಮರ ತಂತಿಯ ಮೇಲೆ ಒರಗಿತೆಂದರೆ ಇಡೀ ಹೋಬಳಿ ಕತ್ತಲು. ಆದರೆ ಈ ಪ್ರಕರಣ ನಡೆದದ್ದು ಡಿಸೆಂಬರಿನಲ್ಲಿ. ಆಕಾಶ ತಿಳಿಯಾಗಿತ್ತು, ಕಣದಲ್ಲಿ ಕಾಫಿ ಒಣಗುತ್ತಿತ್ತು, ಕರೆಂಟೂ ಸರಿಯಾಗಿಯೇ ಇತ್ತು. ಆದರೂ ಮೂರು ವಾರ ನಾವೆಲ್ಲ ಕರೆಂಟನ್ನೇ ಬೈದುಕೊಂಡು ಓಡಾಡಿದೆವು.

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ, ಅದರಲ್ಲೂ ದೊಡ್ಡ ಕಂಪನಿಯ ಡೇಟಾ ಸೆಂಟರ್ ಅಲ್ಲದೆ ಸಣ್ಣ ಊರಿನ ಸಣ್ಣ ಉದ್ಯಮಗಳಲ್ಲಿ ಒಂಟಿಯಾಗಿ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಘಟಕದ ಹೆಸರು, ಜನರ ಹೆಸರು, ಯಂತ್ರಾಂಶ ಮಾರಿದವರ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗದಿರಲೆಂದು ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ, ಅವುಗಳಲ್ಲಿ ದೊಡ್ಡ ಪಾಲು ನನ್ನದೇ.

ಹಿನ್ನೆಲೆ

ಅದೊಂದು ಮಧ್ಯಮ ಗಾತ್ರದ ಕಾಫಿ ಕ್ಯೂರಿಂಗ್ ವರ್ಕ್ಸ್. ಬೆಳೆಗಾರರು ತಂದ ಪಾರ್ಚ್‌ಮೆಂಟ್ (ಹಣ್ಣಿನ ತೊಗಟೆ ತೆಗೆದು ಒಣಗಿಸಿದ ಬೀಜ) ಮತ್ತು ಚೆರಿಯನ್ನು (ಹಣ್ಣಾಗಿಯೇ ಒಣಗಿಸಿದ್ದು) ತೂಕ ಮಾಡಿ, ತೇವಾಂಶ ನೋಡಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ಔಟ್‌ಟರ್ನ್ (ತಂದದ್ದರಲ್ಲಿ ಎಷ್ಟು ಬೀಜ ಸಿಕ್ಕಿತೆಂಬ) ಲೆಕ್ಕ ಹಾಕಿ ಕೊಡುವ ಜಾಗ. ನವೆಂಬರ್ ಕೊನೆಯಿಂದ ಅರೇಬಿಕಾ ಬರತೊಡಗುತ್ತದೆ, ಅದು ಮುಗಿಯುವ ಮೊದಲೇ ರೋಬಸ್ಟಾ ಶುರು. ಆ ನಾಲ್ಕು ತಿಂಗಳು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ತೋಟದಲ್ಲಿ ಬೆಳಗ್ಗೆ ಲೋಡ್ ಮಾಡಿದ ಗಾಡಿಗಳು ಮಧ್ಯಾಹ್ನ ಮೂರರ ಮೇಲೆ ಒಟ್ಟಿಗೇ ಬಂದು ಗೇಟಿನಾಚೆಗೂ ಸಾಲು ನಿಲ್ಲುತ್ತವೆ.

ಇಡೀ ವ್ಯವಹಾರದ ಮೂಲ ವೇಬ್ರಿಡ್ಜ್. ಲಾರಿ ಹತ್ತಿತು, ಲೋಡ್ ತೂಕ ಬಂತು. ಇಳಿಸಿ ಮರಳಿ ಹತ್ತಿತು, ಖಾಲಿ ತೂಕ ಬಂತು. ವ್ಯತ್ಯಾಸ ಚೀಟಿಯಲ್ಲಿ ಮುದ್ರಣವಾಯಿತು. ಆ ಚೀಟಿಯ ಮೇಲೆ ಬೆಳೆಗಾರನ ಇಡೀ ವರ್ಷ ನಿಂತಿದೆ. ತೂಕದ ಇಂಡಿಕೇಟರ್‌ನಿಂದ, ತೇವಾಂಶ ಮಾಪಕದಿಂದ, ಇನ್ನೆರಡು ಸಣ್ಣ ತಕ್ಕಡಿಗಳಿಂದ ಸೀರಿಯಲ್ ಕೇಬಲ್‌ಗಳು ಬಂದು ಒಂದು ಕಂಪ್ಯೂಟರಿಗೆ ಸೇರುತ್ತಿದ್ದವು. ಹಳೆಯ ಆರ್‌ಎಸ್-232 ಕೇಬಲ್ಲನ್ನು 15 ಮೀಟರ್‌ಗಿಂತ ಉದ್ದ ಎಳೆದು ನೆಮ್ಮದಿಯಿಂದಿರಲು ಆಗದು. ಹಾಗಾಗಿ ಸರ್ವರ್ ಕುಳಿತದ್ದು ಆಫೀಸಿನಲ್ಲಲ್ಲ, ವೇಬ್ರಿಡ್ಜ್ ಕೋಣೆಯಲ್ಲೇ, ತೂಕ ಬರೆಯುವ ರೈಟರ್ ಅವರ ಮೇಜಿನ ಕೆಳಗೆ. ಉಬುಂಟು 20.04 (ಲಿನಕ್ಸ್‌ನ ಒಂದು ಬಗೆ), 8 ಜಿಬಿ ಮೆಮೊರಿ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಪರದೆಯ ತುಂಬ ದೊಡ್ಡ ಅಂಕಿಯಲ್ಲಿ ತೂಕ ತೋರಿಸುವ ಒಂದು ಪ್ರೋಗ್ರಾಮ್. ಹಲವು ಸೀರಿಯಲ್ ಪೋರ್ಟ್‌ಗಳಿಗಾಗಿ ಒಂದು ಕಾರ್ಡ್ ಹಾಕಿಸಿದ್ದರು, ಅದರ ಜೊತೆ ಸಿಡಿಯಲ್ಲಿ ಬಂದ ಡ್ರೈವರನ್ನೂ (ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿಸಿದ್ದರು. ಈ ಡ್ರೈವರ್ ಮುಂದೆ ಬರುತ್ತದೆ.

ತೊಂದರೆ

ನವೆಂಬರ್ ಕೊನೆಯ ವಾರದಲ್ಲಿ ಒಂದು ಸಂಜೆ ಸರ್ವರ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಯಿತು. ಒಂದು ನಿಮಿಷದಲ್ಲಿ ಎದ್ದು ನಿಂತದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ. ಆಮೇಲೆ ಒಂದೇ ದಿನ ಎರಡು ಸಲ. ಲಾರಿ ತಕ್ಕಡಿ ಮೇಲಿರುವಾಗಲೇ ಹೀಗಾದರೆ ಅದನ್ನು ಇಳಿಸಿ ಮತ್ತೆ ಹತ್ತಿಸಬೇಕು. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ. ತೂಕದ ಮೇಲೆ ಬೆಳೆಗಾರರಿಗೆ ಅನುಮಾನ ಬಂತೆಂದರೆ ಕ್ಯೂರಿಂಗ್ ವರ್ಕ್ಸ್‌ನ ಮಾನ ಹೋದ ಹಾಗೆ.

ನನ್ನನ್ನು ಕರೆಸಿದರು. ಲಾಗ್ ತೆಗೆದು ನೋಡಿದೆ. ಪ್ರತಿ ಸಲವೂ ಒಂದೇ ಚಿತ್ರ: ಯಾವುದೋ ಮಾಮೂಲಿ ಸಾಲು, ಅಲ್ಲಿಗೆ ಕಡಿತ, ಮುಂದಿನ ಸಾಲು ಹೊಸ ಬೂಟ್‌ನದು. ಯಾರೂ ಶಟ್‌ಡೌನ್ ಕೊಟ್ಟಿಲ್ಲ, ದೋಷದ ಸಂದೇಶ ಒಂದೂ ಇಲ್ಲ. ಪ್ಲಗ್ ಕಿತ್ತರೆ ಲಾಗ್ ಹೇಗೆ ಕಾಣುತ್ತದೋ ಹಾಗೇ ಇತ್ತು. ಸಹಜವಾಗಿಯೇ ಯುಪಿಎಸ್ ಬ್ಯಾಟರಿ ಸೆಟ್ ಬದಲಿಸಲು ಹೇಳಿದೆ. ಬದಲಿಸಿದರು. ಎರಡು ದಿನಕ್ಕೆ ಮತ್ತೆ ಬಿತ್ತು. ಸರ್ವರ್‌ನ ಪವರ್ ಸಪ್ಲೈ ಬದಲಿಸಿದೆ. ಮತ್ತೆ ಬಿತ್ತು. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ, ಒಂದು ತಪ್ಪೂ ಬರಲಿಲ್ಲ. ಯಜಮಾನರು ಬೆಂಗಳೂರಿನಿಂದ ಹೊಸ ಸರ್ವರಿಗೆ ಕೊಟೇಶನ್ ತರಿಸಿ ಮೇಜಿನ ಮೇಲಿಟ್ಟಿದ್ದರು.

ದಾರಿ ತಿರುಗಿಸಿದ್ದು ರೈಟರ್ ಅವರ ಒಂದು ಮಾತು. ಇಪ್ಪತ್ತು ವರ್ಷದಿಂದ ತೂಕ ಬರೆಯುತ್ತಿರುವ ಮನುಷ್ಯ, ಕಂಪ್ಯೂಟರ್ ಬಗ್ಗೆ ತನಗೇನೂ ಗೊತ್ತಿಲ್ಲ ಎಂದು ಮೊದಲೇ ಹೇಳಿಬಿಡುವವರು.

"ಸಾರ್, ನಂಗೆ ಗೊತ್ತಾಗಲ್ಲ, ತಪ್ಪು ತಿಳ್ಕೋಬೇಡಿ. ಕರೆಂಟ್ ಹೋದ್ರೆ ಪರದೆ ಒಂದೇ ಸಲ ಕಪ್ಪಾಗ್ಬೇಕಲ್ವಾ? ಇದು ಹಂಗಲ್ಲ. ಪರದೆ ಮೇಲೆ ಅಂಕಿ ನಿಂತ್‌ಬಿಡುತ್ತೆ. ಈ ಕಡೆ ಇಂಡಿಕೇಟರ್‌ನಲ್ಲಿ ಓಡ್ತಾನೇ ಇರುತ್ತೆ. ಒಂದು ಅರ್ಧ ನಿಮಿಷ ಆದ್ಮೇಲೆ ಕಪ್ಪಾಗೋದು."

ಇಂಡಿಕೇಟರ್ ಕೂಡ ಅದೇ ಯುಪಿಎಸ್ ಮೇಲಿತ್ತು. ಕರೆಂಟಿನ ತೊಂದರೆಯಾಗಿದ್ದರೆ ಅದೂ ಆರಬೇಕಿತ್ತು. ಅಂದರೆ ಯಂತ್ರ ಮೊದಲು ಸ್ತಬ್ಧವಾಗಿ, ಆಮೇಲೆ ರೀಸ್ಟಾರ್ಟ್ ಆಗುತ್ತಿದೆ. ಕರ್ನಲ್ ಒಳಗೇ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲೇ, ಏನೋ ಸಾಯುತ್ತಿದೆ. ಮೂರು ವಾರದ ಖರ್ಚಿಗೆ ಉತ್ತರ ಮೇಜಿನ ಮುಂದೆಯೇ ಕುಳಿತಿತ್ತು, ನಾನು ಕೇಳಿರಲಿಲ್ಲ. ಬಂದವನೇ ಲಾಗ್‌ಗೆ ತಲೆ ಹಾಕಿದ್ದೆ.

ಕೆಡಂಪ್ ಹಾಕುವ ನಿರ್ಧಾರ

ಕರ್ನಲ್ ಪ್ಯಾನಿಕ್ ಆದಾಗ, ಅಂದರೆ ಮುಂದುವರಿಯಲಾಗದ ದೋಷಕ್ಕೆ ಅದು ತಾನೇ ನಿಂತಾಗ, ಲಾಗ್‌ನಲ್ಲಿ ಯಾಕೆ ಏನೂ ಉಳಿಯುವುದಿಲ್ಲ ಎಂಬುದನ್ನು ಯಜಮಾನರಿಗೆ ನಾನು ಹೀಗೆ ಹೇಳಿದೆ: ಊರಿನ ಶಾನುಭೋಗನೇ ಸತ್ತುಬಿದ್ದರೆ ಮಹಜರು ಬರೆಯುವವರು ಯಾರು? ಕೆಟ್ಟ ಕರ್ನಲ್ ಕೈಗೆ ಡಿಸ್ಕ್ ಕೊಟ್ಟರೆ ಇದ್ದ ಲೆಕ್ಕವನ್ನೂ ಕೆಡಿಸೀತು, ಆದ್ದರಿಂದ ಅದು ಏನನ್ನೂ ಬರೆಯದೆ ನಿಂತುಬಿಡುತ್ತದೆ. ಕೆಡಂಪ್ ಎಂಬ ಸೌಲಭ್ಯದ ಉಪಾಯ ಇಷ್ಟೇ. ಇನ್ನೊಬ್ಬ ಶಾನುಭೋಗನನ್ನು ಮೊದಲೇ ನೇಮಿಸಿ, ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿ ಕೂರಿಸಿಡುವುದು. ಬೂಟ್ ಆಗುವಾಗಲೇ ಮೆಮೊರಿಯ ಒಂದು ಭಾಗವನ್ನು "ಕ್ರ್ಯಾಶ್‌ಕರ್ನಲ್" ಎಂಬ ಆಯ್ಕೆಯ ಮೂಲಕ ಎತ್ತಿಟ್ಟು, ಅದರಲ್ಲಿ ಎರಡನೆಯ ಕರ್ನಲ್ಲನ್ನು ತುಂಬಿಡುತ್ತಾರೆ. ಮೊದಲನೆಯದು ಬಿದ್ದ ಕೂಡಲೇ ಬಯೋಸ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಕಡೆಗೆ ಹೋಗದೆ ನೇರ ಎರಡನೆಯದಕ್ಕೆ ಜಿಗಿತ. ಹಳೆಯ ಕರ್ನಲ್‌ನ ಮೆಮೊರಿ ಬಿದ್ದ ಸ್ಥಿತಿಯಲ್ಲೇ ಇರುತ್ತದೆ, ಹೊಸದು ಅದನ್ನು "ವಿಎಂಕೋರ್" ಎಂಬ ಕಡತವಾಗಿ ಕಂಡು ಡಿಸ್ಕಿಗೆ ನಕಲು ಮಾಡುತ್ತದೆ (ಈ ನಕಲೇ ಡಂಪ್), ನಂತರ ಯಂತ್ರವನ್ನು ಮಾಮೂಲಿಯಂತೆ ರೀಬೂಟ್ ಮಾಡುತ್ತದೆ.

ಮಾತಿಗೆ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಇದು ಲಿನಕ್ಸ್‌ಗೆ ಸೇರಿದ್ದು 2005ರ ಆಗಸ್ಟ್‌ನಲ್ಲಿ ಬಂದ 2.6.13 ಆವೃತ್ತಿಯಲ್ಲಿ. ಜಿಗಿತದ ಭಾಗವಾದ ಕೆಎಕ್ಸೆಕ್ ಎರಿಕ್ ಬೀಡರ್‌ಮನ್ ಅವರದು. ಅದರ ಮೇಲೆ ಕೆಡಂಪ್ ಕಟ್ಟಿದವರಲ್ಲಿ ಬೆಂಗಳೂರಿನ ಐಬಿಎಂನಲ್ಲಿದ್ದ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮುಖ್ಯರು. ನಮ್ಮ ಪಕ್ಕದ ಊರಿನಲ್ಲಿ ಕಟ್ಟಿದ ಸಾಮಾನನ್ನು ನಾವು ಬಳಸದೆ ಬ್ಯಾಟರಿ ಬದಲಿಸುತ್ತಾ ಕೂತಿದ್ದೆವು.

ಹಾಕುವುದು ಕಷ್ಟವಲ್ಲ. ಉಬುಂಟುವಿನಲ್ಲಿ "ಲಿನಕ್ಸ್-ಕ್ರ್ಯಾಶ್‌ಡಂಪ್" ಎಂಬ ಪ್ಯಾಕೇಜ್ ಹಾಕಿದರೆ "ಕೆಡಂಪ್-ಟೂಲ್ಸ್" ಜೊತೆಗೇ ಬರುತ್ತದೆ, ಬೂಟ್ ಮಾಡಿಸುವ ಗ್ರಬ್‌ಗೆ ಕ್ರ್ಯಾಶ್‌ಕರ್ನಲ್ ಸಾಲನ್ನು ತಾನೇ ಸೇರಿಸಿಕೊಳ್ಳುತ್ತದೆ. ಮೆಮೊರಿ ಎತ್ತಿಡುವುದು ಬೂಟ್‌ನಲ್ಲಿ ಮಾತ್ರ ಸಾಧ್ಯವಾದ್ದರಿಂದ ಒಂದು ರೀಬೂಟ್ ಬೇಕು. ಆಮೇಲೆ ಮೂರು ಕಡೆ ನೋಡಿದೆ. ಬೂಟ್ ಸಾಲಿನಲ್ಲಿ ಕ್ರ್ಯಾಶ್‌ಕರ್ನಲ್ ಇತ್ತು, 192 ಎಂಬಿ. "ಕೆಎಕ್ಸೆಕ್_ಕ್ರ್ಯಾಶ್_ಲೋಡೆಡ್" ಎಂಬ ಕಡತದಲ್ಲಿ 1 ಎಂದಿತ್ತು, ಅಂದರೆ ಎರಡನೆಯ ಕರ್ನಲ್ ತುಂಬಿದೆ. "ಕೆಡಂಪ್-ಕಾನ್ಫಿಗ್ ಶೋ" ಎಂದು ಕೇಳಿದರೆ "ರೆಡಿ ಟು ಕೆಡಂಪ್" ಎಂಬ ಉತ್ತರ.

ಉಳಿದದ್ದು ಒಂದೇ ಹೆಜ್ಜೆ, ಬೇಕೆಂದೇ ಕ್ರ್ಯಾಶ್ ಮಾಡಿ ನೋಡುವುದು. ಯಜಮಾನರಿಗೆ ಕೇಳಿದೆ.

"ಏನ್ರೀ ಇದು, ಅದಾಗದೇ ಬೀಳ್ತಿದೆ ಅಂತ ನಿಮ್ಮನ್ನ ಕರ್ಸಿದ್ರೆ, ನೀವೂ ಒಂದ್ಸಲ ಬೀಳಿಸ್ತೀನಿ ಅಂತೀರಲ್ಲ ಮಾರಾಯ್ರೇ! ಸೀಸನ್ ಮಧ್ಯೆ ಅದೆಲ್ಲಾ ಬೇಡ."

ನಾನೂ ಒತ್ತಾಯ ಮಾಡಲಿಲ್ಲ. "ರೆಡಿ" ಅಂತ ಬಂದಿದೆಯಲ್ಲ, ಮುಂದಿನ ಸಲ ಬಿದ್ದಾಗ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಅತಿ ಕೆಟ್ಟ ನಿರ್ಧಾರ ಇದು. ನಾಲ್ಕನೆಯ ದಿನ ಸರ್ವರ್ ಬಿತ್ತು, ಓಡಿ ಹೋಗಿ "/ವಾರ್/ಕ್ರ್ಯಾಶ್" ಡೈರೆಕ್ಟರಿ ತೆರೆದರೆ ಡಂಪ್ ಇಲ್ಲ. ರೆಡಿ ಎಂದರೆ ಎರಡನೆಯ ಶಾನುಭೋಗ ಕೋಣೆಯಲ್ಲಿದ್ದಾನೆ ಎಂದಷ್ಟೇ ಅರ್ಥ. ಅವನಿಗೆ ಬರೆಯಲು ಬರುತ್ತದೆಯೇ, ಮೇಜಿಗೆ ಜಾಗ ಇದೆಯೇ, ಬರೆದು ಮುಗಿಸುವವರೆಗೆ ಬಿಡುತ್ತಾರೆಯೇ, ಇದನ್ನೆಲ್ಲ ಆ ಮಾತು ಹೇಳುವುದಿಲ್ಲ.

ಭಾನುವಾರ ರಾತ್ರಿಯ ನಾಲ್ಕು ಕ್ರ್ಯಾಶ್

ಈ ಸಲ ಯಜಮಾನರು ಒಪ್ಪಿದರು. ಭಾನುವಾರ ರಾತ್ರಿ ಒಂಬತ್ತಕ್ಕೆ ಗೇಟ್ ಹಾಕಿದ ಮೇಲೆ, ಬೆಳಗ್ಗೆ ಆರರೊಳಗೆ ಮುಗಿಸಬೇಕು ಎಂಬ ಕರಾರು. ರೈಟರ್ ತಾವಾಗಿಯೇ ಉಳಿದರು, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಡೇಟಾಬೇಸಿನ ನಕಲು ತೆಗೆದು ಬೇರೆ ಡಿಸ್ಕಿಗೆ ಹಾಕಿ ಆ ಡಿಸ್ಕನ್ನು ಕಳಚಿಟ್ಟೆ. ಪೋಸ್ಟ್‌ಗ್ರೆಸ್ ನಿಲ್ಲಿಸಿದೆ. ಬರೆಯದೆ ಉಳಿದದ್ದೆಲ್ಲ ಡಿಸ್ಕಿಗೆ ಇಳಿಯಲಿ ಎಂದು "ಸಿಂಕ್" ಕೊಟ್ಟೆ.

ಕ್ರ್ಯಾಶ್ ಮಾಡಿಸುವ ವಿಧಾನ ಸರಳ: "/ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್" ಎಂಬ ಕಡತಕ್ಕೆ ಇಂಗ್ಲಿಷಿನ ಸಣ್ಣ "ಸಿ" ಅಕ್ಷರವೊಂದನ್ನು ಬರೆಯಬೇಕು. ಇಲ್ಲಿ ಹೊಸಬರು ಎಡವುವುದು ಎರಡು ಕಡೆ. "ಸುಡೋ ಎಕೋ" ಎಂದು ಬರೆದು ಬಾಣದ ಗುರುತು ಹಾಕಿದರೆ ಅನುಮತಿ ಇಲ್ಲ ಎನ್ನುತ್ತದೆ, ಯಾಕೆಂದರೆ ಕಡತ ತೆರೆಯುವುದು ಸುಡೋ ಅಲ್ಲ, ನಿಮ್ಮ ಮಾಮೂಲಿ ಶೆಲ್. ಮೊದಲೇ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಶೆಲ್‌ಗೆ ಹೋಗಬೇಕು. ಎರಡನೆಯದು, ಸಿಸ್‌ಆರ್‌ಕ್ಯೂ (ಕರ್ನಲ್‌ಗೆ ನೇರ ಆದೇಶ ಕೊಡುವ ಸೌಲಭ್ಯ) ಮೌಲ್ಯವನ್ನು 1 ಮಾಡಲೇಬೇಕೆಂಬ ನಂಬಿಕೆ. ಆ ಮೌಲ್ಯದ ಕಟ್ಟುಪಾಡು ಕೀಬೋರ್ಡ್‌ನಿಂದ ಒತ್ತುವುದಕ್ಕೆ ಮಾತ್ರ, ರೂಟ್ ಈ ಕಡತಕ್ಕೆ ಬರೆದರೆ ಯಾವಾಗಲೂ ನಡೆಯುತ್ತದೆ.

ಮೊದಲ ಸಲ ಒತ್ತಿದೆ. ಪರದೆಯ ಮೇಲಿನ ತೂಕದ ಅಂಕಿ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಪ್ಪು, ಬಯೋಸ್ ಚಿತ್ರ, ಮಾಮೂಲಿ ಬೂಟ್. ಡಂಪ್ ಇಲ್ಲ. ರೈಟರ್ "ಇದೇ ಸಾರ್, ಹಿಂಗೇ ಆಗೋದು" ಎಂದರು. ಪ್ಯಾನಿಕ್ ಆದ ಹೊತ್ತಿನಲ್ಲಿ ಗ್ರಾಫಿಕ್ ಪರದೆ ಚಾಲ್ತಿಯಲ್ಲಿದ್ದರೆ ಕರ್ನಲ್‌ನ ಕೊನೆಯ ಮಾತು ಅದರ ಮೇಲೆ ಬರುವುದಿಲ್ಲ, ಇದ್ದ ಚಿತ್ರ ಹಾಗೇ ಹೆಪ್ಪುಗಟ್ಟುತ್ತದೆ. ಮೂರು ವಾರ ಯಾರ ಕಣ್ಣಿಗೂ ಪ್ಯಾನಿಕ್ ಸಂದೇಶ ಬೀಳದ್ದಕ್ಕೆ ಕಾರಣ ಇದೇ.

ಕಣ್ಣು ಬೇಕಿತ್ತು. ವೇಬ್ರಿಡ್ಜ್ ಕೋಣೆಯಲ್ಲಿ ಯಾವುದಕ್ಕೆ ಬರವಿದ್ದರೂ ಸೀರಿಯಲ್ ಕೇಬಲ್‌ಗೆ ಇರಲಿಲ್ಲ. ಮದರ್‌ಬೋರ್ಡಿನ ಸ್ವಂತ ಸೀರಿಯಲ್ ಪೋರ್ಟಿನಿಂದ ನನ್ನ ಲ್ಯಾಪ್‌ಟಾಪ್‌ಗೆ ಒಂದು ನಲ್-ಮೋಡೆಮ್ ಕೇಬಲ್ (ಎರಡು ಕಂಪ್ಯೂಟರನ್ನು ನೇರ ಜೋಡಿಸುವಂಥದ್ದು) ಎಳೆದು, ಬೂಟ್ ಸಾಲಿನಲ್ಲಿ ಕನ್ಸೋಲ್ ಅಲ್ಲಿಗೆ ಹೋಗುವಂತೆ ಸೇರಿಸಿ, ವೇಗ 115200 ಇಟ್ಟೆ. ಎರಡನೆಯ ಸಲ ಒತ್ತಿದಾಗ ಎಲ್ಲ ಕಂಡಿತು. ಮೊದಲ ಕರ್ನಲ್ ಪ್ಯಾನಿಕ್, ಜಿಗಿತ, ಎರಡನೆಯ ಕರ್ನಲ್ ಎದ್ದು ಡ್ರೈವರ್‌ಗಳನ್ನು ತುಂಬಿಕೊಳ್ಳುತ್ತಾ ಹೋಗಿ "ಔಟ್ ಆಫ್ ಮೆಮೊರಿ" ಎಂದು ಅಲ್ಲೇ ಕುಸಿಯಿತು. 192 ಎಂಬಿ ಆ ಯಂತ್ರದ ಡ್ರೈವರ್ ಮೂಟೆಗೆ ಸಾಲಲಿಲ್ಲ. ಗ್ರಬ್‌ನ ಕೆಡಂಪ್ ಕಡತದಲ್ಲಿ 384 ಎಂಬಿ ಎಂದು ಬರೆದು, ಗ್ರಬ್ ನವೀಕರಿಸಿ, ರೀಬೂಟ್ ಮಾಡಿದೆ. 8 ಜಿಬಿಯಲ್ಲಿ ಅಷ್ಟು ಎತ್ತಿಟ್ಟರೆ ದಿನದ ಕೆಲಸಕ್ಕೆ ಕೊರತೆಯಾಗದು.

ಮೂರನೆಯ ಸಲ. ಎರಡನೆಯ ಕರ್ನಲ್ ಎದ್ದಿತು, ಡಿಸ್ಕ್ ಹುಡುಕಿತು, ಡಂಪ್ ಬರೆಯುವ "ಮೇಕ್‌ಡಂಪ್‌ಫೈಲ್" ಶುರುವಾಯಿತು, ಶೇಕಡಾ ಅಂಕಿ ಏರತೊಡಗಿತು. ನಾನು ಕಾಫಿ ಲೋಟ ಎತ್ತಿದೆ. ಶೇಕಡಾ 38ರ ಹತ್ತಿರ ಸಾಲು ನಿಂತು, ಸರ್ವರ್ ಬಯೋಸ್ ತೋರಿಸಿತು.

ಡಿಸ್ಕ್ ಕೆಟ್ಟಿದೆ ಎಂದುಕೊಂಡು ಅದರ ಆರೋಗ್ಯ ಪರೀಕ್ಷೆಯ ಆದೇಶ ಟೈಪ್ ಮಾಡುತ್ತಿದ್ದೆ. ಹಿಂದಿನಿಂದ ರೈಟರ್ ಕೇಳಿದರು: "ಸಾರ್, ಇದೂ ಅರ್ಧ ನಿಮಿಷವೇ ಆಯ್ತಲ್ವಾ?"

ಮೂರು ಸಲವೂ ಅವರು ಗೋಡೆ ಗಡಿಯಾರ ನೋಡುತ್ತಿದ್ದರಂತೆ. ಮೊದಲ ಸಲ ಅರ್ಧ ನಿಮಿಷ, ಎರಡನೆಯದಕ್ಕೂ ಅಷ್ಟೇ, ಮೂರನೆಯದಕ್ಕೂ ಅಷ್ಟೇ. ಒಳಗೆ ನಡೆದ ಕಥೆ ಮೂರೂ ಬೇರೆ, ಮುಗಿದ ಹೊತ್ತು ಮಾತ್ರ ಒಂದೇ. ಹಾಗಾದರೆ ಕೊಲ್ಲುತ್ತಿರುವುದು ಒಳಗಿನ ಕಾರಣವಲ್ಲ, ಹೊರಗೆ ಗಡಿಯಾರ ಹಿಡಿದು ಕೂತಿರುವ ಯಾರೋ.

ಆ "ಯಾರೋ" ಯಾರೆಂದು ಹೊಳೆದಾಗ ನನಗೆ ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಈ ಯಂತ್ರ ಒಂದೆರಡು ಸಲ ಸ್ತಬ್ಧವಾಗಿತ್ತು. ಆಗ ನಾನೇ ಹಾರ್ಡ್‌ವೇರ್ ವಾಚ್‌ಡಾಗ್ ಡ್ರೈವರ್ ಲೋಡ್ ಮಾಡಿ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ "ರನ್‌ಟೈಮ್‌ವಾಚ್‌ಡಾಗ್‌ಸೆಕ್" ಮೌಲ್ಯವನ್ನು 30 ಮಾಡಿದ್ದೆ. ಚಿಪ್‌ಸೆಟ್‌ನೊಳಗಿನ ಆ ಕಾವಲುಗಾರನಿಗೆ ಸಿಸ್ಟಮ್‌ಡಿ ಆಗಾಗ "ಬದುಕಿದ್ದೇನೆ" ಎಂದು ಹೇಳುತ್ತಿರಬೇಕು. ಅರ್ಧ ನಿಮಿಷ ಹೇಳದಿದ್ದರೆ ಅವನು ರೀಸೆಟ್ ಒತ್ತುತ್ತಾನೆ. ಕರ್ನಲ್ ಬದಲಾದದ್ದು ಅವನಿಗೆ ತಿಳಿಯದು. ಎರಡನೆಯ ಕರ್ನಲ್ ನಿಷ್ಠೆಯಿಂದ ಡಂಪ್ ಬರೆಯುತ್ತಿದ್ದರೂ ಅದರಲ್ಲಿ ವಾಚ್‌ಡಾಗ್ ಡ್ರೈವರ್ ಇರಲಿಲ್ಲವಾದ್ದರಿಂದ ಮಾತಾಡುವವರಿಲ್ಲ. ಹೊತ್ತು ಮುಗಿಯಿತು, ರೀಸೆಟ್.

ಮೂರು ವಾರದ ಗೊಂದಲದ ಬೇರೂ ಅಲ್ಲೇ ಇತ್ತು. ವಾಚ್‌ಡಾಗ್ ಇಲ್ಲದಿದ್ದರೆ ಯಂತ್ರ ಪ್ಯಾನಿಕ್ ಆಗಿ ಹಾಗೇ ನಿಂತಿರುತ್ತಿತ್ತು, ಹ್ಯಾಂಗ್ ಆಗಿದೆ ಎಂದು ಮೊದಲ ದಿನವೇ ಗೊತ್ತಾಗುತ್ತಿತ್ತು. ಅದು ಕಾಯಿಲೆಯನ್ನು ಕರೆಂಟು ಹೋದ ವೇಷದಲ್ಲಿ ತೋರಿಸಿತು, ಆಮೇಲೆ ಸಾಕ್ಷಿಯನ್ನೂ ಅಳಿಸಿತು. ಪ್ರತಿ ಬೂಟ್‌ನ ಲಾಗ್‌ನಲ್ಲೂ "ಸೆಟ್ ಹಾರ್ಡ್‌ವೇರ್ ವಾಚ್‌ಡಾಗ್" ಎಂಬ ಸಾಲು ಕಣ್ಣಿಗೆ ರಾಚುವಂತೆ ಇತ್ತು. ಕಡಿತವಾದ ಜಾಗವನ್ನಷ್ಟೇ ನೋಡಿದ ನಾನು ಅದರ ಕೆಳಗಿನದನ್ನು ಓದಿರಲಿಲ್ಲ.

ಈಗ ಎರಡು ದಾರಿ. ಎರಡನೆಯ ಕರ್ನಲ್‌ನ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ಗೆ ಬೇಕಾದ ಡ್ರೈವರ್‌ಗಳ ಗಂಟು) ಒಳಗೂ ವಾಚ್‌ಡಾಗ್ ಡ್ರೈವರ್ ಸೇರಿಸಿ ಅಲ್ಲಿಂದಲೂ ಮಾತಾಡಿಸುವುದು ಒಂದು. ವಾಚ್‌ಡಾಗನ್ನೇ ತೆಗೆದು ಬೇರೆ ಕಾವಲು ಹಾಕುವುದು ಇನ್ನೊಂದು. ರಾತ್ರಿ ಒಂದು ಗಂಟೆಯಾಗಿತ್ತು, ನಾನು ಎರಡನೆಯದನ್ನು ಆರಿಸಿದೆ. ಆದರೆ ಸುಮ್ಮನೆ ತೆಗೆದರೆ, ಪ್ಯಾನಿಕ್ ಆಗದೆ ಬರೀ ಸ್ತಬ್ಧವಾದಾಗ ಯಂತ್ರ ಬೆಳಗಿನವರೆಗೂ ಹಾಗೇ ನಿಲ್ಲುತ್ತದೆ. ಅದಕ್ಕೆ ಸಿಪಿಯು ಸಿಕ್ಕಿಕೊಂಡರೆ ಕರ್ನಲ್ ತಾನೇ ಪ್ಯಾನಿಕ್ ಆಗುವಂತೆ "ಸಾಫ್ಟ್‌ಲಾಕಪ್_ಪ್ಯಾನಿಕ್" ಮತ್ತು "ಹಾರ್ಡ್‌ಲಾಕಪ್_ಪ್ಯಾನಿಕ್" ಎರಡನ್ನೂ 1 ಮಾಡಿದೆ. ಸಣ್ಣ ಊಪ್ಸ್ (ಕರ್ನಲ್ ಹೇಗೋ ದಾಟಿ ಮುಂದುವರಿಯಬಲ್ಲ ದೋಷ) ಬಂದರೂ ಕುಂಟುತ್ತಾ ಓಡದೆ ಬೀಳಲಿ ಎಂದು "ಪ್ಯಾನಿಕ್_ಆನ್_ಊಪ್ಸ್" ಕೂಡ 1. "ಹಂಗ್_ಟಾಸ್ಕ್_ಪ್ಯಾನಿಕ್" ಮಾತ್ರ ಮುಟ್ಟಲಿಲ್ಲ. ರಾತ್ರಿ ಬ್ಯಾಕಪ್ ತೆಗೆಯುವ ಯುಎಸ್‌ಬಿ ಡಿಸ್ಕ್ ನಿಧಾನಿ, ಯಾವುದಾದರೂ ಕೆಲಸ 120 ಸೆಕೆಂಡ್ ಕಾದು ಕೂತರೆ ಸಾಕು, ಇಲ್ಲದ ರೋಗಕ್ಕೆ ಸರ್ವರ್ ಸಾಯುತ್ತಿತ್ತು.

ನಾಲ್ಕನೆಯ ಸಲ ಡಂಪ್ ಪೂರ್ತಿಯಾಯಿತು. ಒತ್ತಿದ್ದರಿಂದ ಲಾಗಿನ್ ಬರುವವರೆಗೆ ಎರಡು ನಿಮಿಷ ನಲವತ್ತು ಸೆಕೆಂಡ್ ಎಂದು ರೈಟರ್ ಹೇಳಿದರು. 8 ಜಿಬಿ ಮೆಮೊರಿಯ ಡಂಪ್ 200 ಎಂಬಿ ಒಳಗೇ ಇತ್ತು. ಮೇಕ್‌ಡಂಪ್‌ಫೈಲ್‌ಗೆ ಕೊಡುವ 31 ಎಂಬ ಮಟ್ಟದ ಗುಟ್ಟು ಇದು: 1, 2, 4, 8, 16 ಸೇರಿದರೆ 31. ಸೊನ್ನೆ ತುಂಬಿದ ಪುಟ, ಎರಡು ಬಗೆಯ ಕ್ಯಾಶ್ ಪುಟ, ಬಳಕೆದಾರರ ಪ್ರೋಗ್ರಾಮ್‌ಗಳ ಪುಟ, ಖಾಲಿ ಪುಟ ಎಲ್ಲವನ್ನೂ ಬಿಟ್ಟು ಉಳಿದದ್ದನ್ನು ಮಾತ್ರ ಒತ್ತಿ ಬರೆಯುತ್ತದೆ.

ಹೊರಡುವ ಮೊದಲು ಗೋಡೆಗೆ ಒಂದು ಚೀಟಿ ಅಂಟಿಸಿದೆವು: "ಪರದೆ ನಿಂತರೆ ಐದು ನಿಮಿಷ ಯಾವ ಬಟನ್ನೂ ಒತ್ತಬಾರದು. ಐದು ನಿಮಿಷ ದಾಟಿದರೆ ಒತ್ತಿ, ಫೋನ್ ಮಾಡಿ." ಅಭ್ಯಾಸ ಬಲದಿಂದ ಯಾರಾದರೂ ಪವರ್ ಬಟನ್ ಹಿಡಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಮಾರನೆಯ ದಿನ ಯಜಮಾನರ ಗೊಣಗಾಟ ಬೇರೆ: "ಮೊದ್ಲು ಒಂದು ನಿಮಿಷಕ್ಕೆ ಏಳ್ತಿತ್ತು, ನೀವು ರಿಪೇರಿ ಮಾಡಿದ್ಮೇಲೆ ಮೂರು ನಿಮಿಷನಾ?" ಮಾತು ಸರಿಯೇ. ಸಾಕ್ಷಿಗೆ ಕೊಡುವ ಬೆಲೆ ಅದು, ಮೊದಲೇ ಹೇಳಿಡಬೇಕಿತ್ತು.

ಸಿಕ್ಕಿದ ಉತ್ತರ

ಗುರುವಾರ ಸಂಜೆ ನಾಲ್ಕೂವರೆಗೆ ಫೋನ್ ಬಂತು. "ಸಾರ್, ಬಿತ್ತು! ಯಾರಿಗೂ ಮುಟ್ಟಕ್ ಬಿಟ್ಟಿಲ್ಲ!" ದನಿಯಲ್ಲಿ ಹಬ್ಬದ ಸಡಗರ.

ಡಂಪ್ ಜೊತೆಗೆ ಕೆಡಂಪ್ ಬರೆದಿಟ್ಟಿದ್ದ ಡಿಮೆಸೇಜ್ ಕಡತ (ಕರ್ನಲ್‌ನ ಸಂದೇಶಗಳು) ತೆರೆದರೆ ಅರ್ಧ ಕಥೆ ಅಲ್ಲೇ ಇತ್ತು. ನಲ್ ಪಾಯಿಂಟರ್ ದೋಷ, ಅಂದರೆ ಮೆಮೊರಿಯ ವಿಳಾಸ ಇರಬೇಕಾದ ಕಡೆ ಸೊನ್ನೆ. ನಡೆಯುತ್ತಿದ್ದ ಆದೇಶ ಇದ್ದದ್ದು ಸೀರಿಯಲ್ ಕಾರ್ಡಿನ ಡ್ರೈವರ್ ಒಳಗೆ. ಅದೂ ಇಂಟರಪ್ಟ್ (ಯಂತ್ರದ ಭಾಗವೊಂದು ಸಿಪಿಯುವನ್ನು ತಡೆದು ಕರೆಯುವುದು) ನಡೆಯುತ್ತಿದ್ದಾಗ. ಇಂಟರಪ್ಟ್ ಒಳಗೆ ಇಂಥ ತಪ್ಪಾದರೆ ಬೇರೆ ಯಾವ ಆಯ್ಕೆ ಹೇಗಿದ್ದರೂ ಕರ್ನಲ್ ಮುಂದುವರಿಯುವುದಿಲ್ಲ. ಕರ್ನಲ್ ಮೇಲೆ ಬಿದ್ದ ಕಳಂಕದ ಗುರುತೂ ಇತ್ತು: "ಓ" ಮತ್ತು "ಈ", ಅಂದರೆ ಹೊರಗಿನಿಂದ ಬಂದ, ಸಹಿ ಇಲ್ಲದ ಮಾಡ್ಯೂಲ್.

ಉಳಿದರ್ಧಕ್ಕೆ "ಕ್ರ್ಯಾಶ್" ಎಂಬ ಸಾಧನ ಬೇಕು. ಅದಕ್ಕೆ ಡಂಪ್ ಜೊತೆ ಅದೇ ಆವೃತ್ತಿಯ ಕರ್ನಲ್‌ನ ಡಿಬಗ್ ಸಿಂಬಲ್ (ಮೆಮೊರಿಯ ವಿಳಾಸಗಳಿಗೆ ಹೆಸರು ಹೇಳುವ ಕಡತ) ಬೇಕು. ಒಂದು ಅಂಕಿ ಆಚೀಚೆಯಾದರೂ ಒಪ್ಪುವುದಿಲ್ಲ. ದೊಡ್ಡ ಕಡತ, ಇಳಿಸಲು ರಾತ್ರಿಯಾಯಿತು. ಹೊರಗಿನ ಡ್ರೈವರಿನ ಹೆಸರುಗಳು ಕಾಣಲು ಆ ಮಾಡ್ಯೂಲನ್ನು "ಮಾಡ್" ಆದೇಶದಿಂದ ಬೇರೆಯಾಗಿ ತುಂಬಿಸಿದೆ. "ಬಿಟಿ" ಎಂದರೆ ಬಿದ್ದ ಸಿಪಿಯುವಿನ ಕರೆಗಳ ಸರಣಿ: ಇಂಟರಪ್ಟ್ ಬಂತು, ಡ್ರೈವರ್ ಅಕ್ಷರ ಓದಿತು, ಅದನ್ನು ಕೊಡಬೇಕಾದ ಟಿಟಿವೈ (ಅಕ್ಷರಗಳನ್ನು ಪ್ರೋಗ್ರಾಮ್‌ಗೆ ತಲುಪಿಸುವ ಕರ್ನಲ್‌ನ ಭಾಗ) ಕಡೆ ನೋಡಿತು, ಅಲ್ಲಿ ಸೊನ್ನೆ. "ಫಾರ್‌ಈಚ್ ಬಿಟಿ" ಎಂದು ಎಲ್ಲ ಕೆಲಸಗಳ ಸರಣಿ ತೆಗೆದಾಗ ಇನ್ನೊಂದು ಸಿಪಿಯುವಿನ ಮೇಲೆ ನಮ್ಮ ತೂಕದ ಪ್ರೋಗ್ರಾಮ್ ಸಿಕ್ಕಿತು. ಅದು ಆ ಕ್ಷಣದಲ್ಲಿ ಅದೇ ಪೋರ್ಟನ್ನು ಮುಚ್ಚುತ್ತಿತ್ತು. ಡ್ರೈವರ್ ಮುಚ್ಚುವಾಗ ಮೊದಲು ಪಾಯಿಂಟರ್ ಅಳಿಸಿ, ಆಮೇಲೆ ಇಂಟರಪ್ಟ್ ನಿಲ್ಲಿಸುತ್ತಿತ್ತು. ಆ ಎರಡರ ನಡುವಿನ ಕಿರಿದಾದ ಸಂದಿಯಲ್ಲಿ ಇಂಡಿಕೇಟರ್‌ನಿಂದ ಒಂದು ಅಕ್ಷರ ಬಂದರೆ ಸಾವು.

ಆದರೆ ಪ್ರೋಗ್ರಾಮ್ ಕೆಲಸದ ನಡುವೆ ಪೋರ್ಟ್ ಯಾಕೆ ಮುಚ್ಚುತ್ತದೆ? ಅದನ್ನು ಬರೆದವರನ್ನು ಕೇಳಿದಾಗ ತಿಳಿಯಿತು: ಕೆಲವು ಸೆಕೆಂಡ್ ತೂಕ ಸ್ಥಿರವಾಗದಿದ್ದರೆ ಸಂಪರ್ಕ ಕೆಟ್ಟಿದೆ ಎಂದುಕೊಂಡು ಪೋರ್ಟ್ ಮುಚ್ಚಿ ಮತ್ತೆ ತೆರೆಯುವಂತೆ ಬರೆದಿದ್ದಾರೆ. ತೂಕ ಸ್ಥಿರವಾಗದೇ ಇರುವುದು ಯಾವಾಗ? ಒಂದು ಲಾರಿ ಇಳಿಯುವ ಮುನ್ನ ಹಿಂದಿನವನು ಮುಂದಿನ ಚಕ್ರ ಹತ್ತಿಸಿದಾಗ. ಹಾಗೆ ಹತ್ತಿಸುವುದು ಯಾವಾಗ? ಸಾಲು ಉದ್ದವಿದ್ದಾಗ. ಸಂಜೆಯ ನೂಕುನುಗ್ಗಲಿಗೂ ಕರ್ನಲ್ ಸಾವಿಗೂ ನೇರ ಸಂಬಂಧ ಅಲ್ಲಿತ್ತು. "ಲೋಡ್ ಜಾಸ್ತಿಯಾದಾಗ ಬೀಳುತ್ತೆ" ಎಂದು ಎಲ್ಲರೂ ಹೇಳಿದ್ದೆವು. ಲೋಡ್ ಇದ್ದದ್ದು ಸರ್ವರ್ ಮೇಲಲ್ಲ, ತಕ್ಕಡಿ ಮೇಲೆ.

ಕಾರ್ಡ್ ಮಾರಿದವರು ಪೂರ್ತಿ ಡಂಪ್ ಕಳಿಸಿ ಎಂದರು. ಕಳಿಸಲಿಲ್ಲ. 31ರ ಮಟ್ಟದಲ್ಲಿ ಬಳಕೆದಾರರ ಪುಟಗಳು ಬಿಟ್ಟುಹೋಗಿದ್ದರೂ ಕರ್ನಲ್‌ನ ಸ್ವಂತ ಮೆಮೊರಿಯಲ್ಲಿ ನೆಟ್‌ವರ್ಕ್ ಬಫರ್, ಟಿಟಿವೈ ಬಫರ್, ಕೀಲಿಗಳು ಉಳಿದಿರಬಹುದು. ಅಲ್ಲಿ ಬೆಳೆಗಾರರ ಲೆಕ್ಕವೂ ಇದ್ದೀತು. ಡಿಮೆಸೇಜ್ ಮತ್ತು ಬಿಟಿ ಸರಣಿಗಳನ್ನು ಮಾತ್ರ ಕಳಿಸಿದೆ. ಡಂಪ್ ತೆರೆದದ್ದೂ ಆಫೀಸಿನ ಒಂದು ಬಿಡುವಿನ ಕಂಪ್ಯೂಟರಿನಲ್ಲಿ, ಅದನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಲಿಲ್ಲ.

ಒಂದು ಡಂಪ್‌ನಿಂದ ತೀರ್ಪು ಕೊಡುವುದು ಬೇಡವೆಂದು, ಮುಂದಿನ ಭಾನುವಾರ ಇಂಡಿಕೇಟರನ್ನು ಎಡೆಬಿಡದೆ ಅಂಕಿ ಕಳಿಸುವ ಸ್ಥಿತಿಯಲ್ಲಿಟ್ಟು, ಪೋರ್ಟನ್ನು ಸತತವಾಗಿ ತೆರೆದು ಮುಚ್ಚುವ ಸಣ್ಣ ಸ್ಕ್ರಿಪ್ಟ್ ಓಡಿಸಿದೆ. ಇಪ್ಪತ್ತು ನಿಮಿಷದೊಳಗೆ ಬಿತ್ತು. ಡಂಪ್‌ನಲ್ಲಿ ಅದೇ ಸರಣಿ. ಕಾರ್ಡಿನ ಚಿಪ್ 16550 ಮಾದರಿಗೆ ಹೊಂದುವಂಥದ್ದು, ಕರ್ನಲ್ ಜೊತೆಗೇ ಬರುವ 8250 ಡ್ರೈವರ್ ಅದನ್ನು ತಾನೇ ಗುರುತಿಸುತ್ತಿತ್ತು. ಸಿಡಿಯ ಡ್ರೈವರ್ ಬೇಕಾಗಿಯೇ ಇರಲಿಲ್ಲ. ಅದನ್ನು ಕಿತ್ತು, ಕರ್ನಲ್‌ನ ಡ್ರೈವರಿನ ಮೇಲೆ ಅದೇ ಸ್ಕ್ರಿಪ್ಟನ್ನು ಬೆಳಗಿನವರೆಗೆ ಓಡಿಸಿದೆ. ಬೀಳಲಿಲ್ಲ. ಪ್ರೋಗ್ರಾಮ್ ಬರೆದವರೂ ಪೋರ್ಟ್ ಮುಚ್ಚುವ ಆ ತುಣುಕನ್ನು ತೆಗೆದರು. ರೋಬಸ್ಟಾ ಮುಗಿಯುವವರೆಗೆ ಸರ್ವರ್ ಒಮ್ಮೆಯೂ ತಾನಾಗಿ ರೀಸ್ಟಾರ್ಟ್ ಆಗಲಿಲ್ಲ.

ಕೊಟೇಶನ್ ಒಪ್ಪಿ ಹೊಸ ಸರ್ವರ್ ತಂದಿದ್ದರೆ? ಆ ಕಾರ್ಡನ್ನು ಕಿತ್ತು ಅದಕ್ಕೇ ಹಾಕುತ್ತಿದ್ದೆವು, ಸಿಡಿಯ ಡ್ರೈವರನ್ನೂ. ಅದೂ ಬೀಳುತ್ತಿತ್ತು, ಆಗಲೂ ಕರೆಂಟನ್ನೇ ಬೈಯುತ್ತಿದ್ದೆವು.

ಬೇರೆಯವರ ಯಂತ್ರದಲ್ಲಿ ಕೆಡಂಪ್ ಹಾಕುವಾಗ ಈಗ ನಾನು ಪಟ್ಟು ಹಿಡಿಯುವುದು ಒಂದಕ್ಕೆ: ಪರೀಕ್ಷೆಗೆ ಒಪ್ಪದಿದ್ದರೆ ಹಾಕುವುದಿಲ್ಲ. ಪರೀಕ್ಷೆಯೂ ಖಾಲಿ ಯಂತ್ರದ ಮೇಲಲ್ಲ. ದಿನದ ಪ್ರೋಗ್ರಾಮ್ ಓಡುತ್ತಿರಬೇಕು, ಎಲ್ಲ ಕೇಬಲ್ ಚುಚ್ಚಿರಬೇಕು, ವಾಚ್‌ಡಾಗ್ ಇದ್ದರೆ ಅದೂ ಇರಬೇಕು. ನನ್ನ ಮನೆಯ ಬಿಡಿ ಕಂಪ್ಯೂಟರಿನಲ್ಲಿ ಮಾಡಿ ನೋಡಿದ್ದರೆ ಮೊದಲ ಸಲವೇ ಡಂಪ್ ಸಿಗುತ್ತಿತ್ತು. ಅಲ್ಲಿ ವಾಚ್‌ಡಾಗ್ ಇರಲಿಲ್ಲ, ಸೀರಿಯಲ್ ಕಾರ್ಡೂ ಇರಲಿಲ್ಲ. ಬಿದ್ದ ಕ್ಷಣವನ್ನು ಕಣ್ಣಾರೆ ಕಂಡವರ ಮಾತನ್ನು ಈಗ ಲಾಗ್‌ಗಿಂತ ಮೊದಲು ಕೇಳುತ್ತೇನೆ, ಎಷ್ಟು ಸೆಕೆಂಡ್ ಎಂದು ಕೇಳಿ ಬರೆದುಕೊಳ್ಳುತ್ತೇನೆ.

ಮುಂದಿನ ಸೀಸನ್ ಹೊತ್ತಿಗೆ ಆ ಸರ್ವರನ್ನು ಉಬುಂಟು 22.04ಕ್ಕೆ ಏರಿಸಿದ್ದೆ. ಅರೇಬಿಕಾ ಬರುವ ಮುನ್ನ ಅಕ್ಟೋಬರಿನಲ್ಲಿ ಒಂದು ಭಾನುವಾರ ಪರೀಕ್ಷೆಗೆ ಹೋದೆ. ಕೆಡಂಪ್ ಎಂದಿನಂತೆ "ರೆಡಿ" ಎಂದಿತು. "ಸಿ" ಅಕ್ಷರವನ್ನು ಈ ಸಲ ರೈಟರ್ ಅವರೇ ಒತ್ತಿದರು. ಎರಡನೆಯ ಕರ್ನಲ್ ಮತ್ತೆ ಮೆಮೊರಿ ಸಾಲದೆ ಕುಸಿಯಿತು. 512 ಎಂಬಿ ಮಾಡಿ ಇನ್ನೊಮ್ಮೆ ಒತ್ತಿದೆವು, ಡಂಪ್ ಪೂರ್ತಿ ಬಂತು. ಅವರು ಗಡಿಯಾರ ನೋಡಿ, ಗೋಡೆಯ ಚೀಟಿಯಲ್ಲಿ ಹಿಂದಿನ ಸಾಲಿನ ಕೆಳಗೆ ತಾರೀಕು ಹಾಕಿ "512, 2 ನಿ. 55 ಸೆ., ಸರಿ" ಎಂದು ತೂಕ ಬರೆಯುವ ಅದೇ ಅಕ್ಷರದಲ್ಲಿ ಬರೆದು ಸಹಿ ಹಾಕಿದರು.